ಇನ್‌ಟೇಕ್ ಸೀಲ್ ಕಿಟ್: ಸೀಲ್ ಕಣ್ಣು ಮುಚ್ಚಿ ಹಾಕಿ, ಬೋಲ್ಟ್ ಮಾತ್ರ ಅಳೆದು ಹಾಕಿ

ಮೂರು ರಬ್ಬರ್ ಸೀಲ್, ನಾಲ್ಕು ಬೋಲ್ಟ್, ನಾಲ್ಕು ವಾಷರ್, ಏರ್ ಫಿಲ್ಟರ್ ತಳಕ್ಕೆ ಒಂದು ಗ್ಯಾಸ್ಕೆಟ್, ಒಂದು ಗಿಡ್ಡ ಅಲೆನ್ ಕೀ, ಮಡಚಿಟ್ಟ ಒಂದು ಚೀಟಿ. ಕಿಟ್ ಅಂದರೆ ಇಷ್ಟೇ. ಇಷ್ಟಕ್ಕೆ ಇಷ್ಟು ಉದ್ದದ ವಿಮರ್ಶೆ ಯಾಕೆ ಅಂದರೆ, ಈ ಮೂರು ಉಂಗುರಗಳು ನನ್ನ ಬೈಕಿನ ಎಂಟು ತಿಂಗಳ ತೊಂದರೆಯನ್ನು ಮುಗಿಸಿದವು. ಅದೇ ಕಿಟ್‌ನ ಎರಡು ಬೋಲ್ಟ್‌ಗಳು ಆ ಕೆಲಸವನ್ನೇ ಕೆಡಿಸುವುದರಲ್ಲಿದ್ದವು. ಎರಡೂ ಗೊತ್ತಿದ್ದು ತಗೊಂಡರೆ ಒಳ್ಳೆಯದು.

ಕಂಪನಿ ಹೆಸರು ಹಾಕುತ್ತಿಲ್ಲ. ಇದೇ ತರಹದ ಕಿಟ್‌ಗಳನ್ನು ತುಂಬ ಜನ ಮಾಡುತ್ತಾರೆ, ಪೊಟ್ಟಣ ಬೇರೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಹೆಸರಿಗಿಂತ ಏನು ನೋಡಿ ತಗೋಬೇಕು ಅನ್ನುವುದು ಮುಖ್ಯ, ಅದನ್ನು ಹೇಳುತ್ತೇನೆ.

ನನ್ನದು ಹಳೆಯ ವಿ-ಟ್ವಿನ್ ಬೈಕ್. ಎರಡು ಸಿಲಿಂಡರ್, ನಡುವೆ ಗಾಳಿಗೆ ಪೆಟ್ರೋಲ್ ಬೆರೆಸುವ ಒಂದೇ ಕಾರ್ಬುರೇಟರ್, ಅಂದರೆ ಕಾರ್ಬ್. ಕಾರ್ಬಿನಿಂದ ಹೊರಟ ಗಾಳಿ ಮತ್ತು ಪೆಟ್ರೋಲ್ ಒಂದು ಕವಲು ಕೊಳವೆಯಲ್ಲಿ ಹೋಗಿ ಮುಂದಿನ ಸಿಲಿಂಡರ್‌ನ ತಲೆಭಾಗಕ್ಕೆ, ಅಂದರೆ ಹೆಡ್‌ಗೆ, ಒಂದು ಪಾಲು, ಹಿಂದಿನ ಹೆಡ್‌ಗೊಂದು ಪಾಲು ಸೇರುತ್ತದೆ. ಈ ಕವಲು ಕೊಳವೆಯೇ ಮ್ಯಾನಿಫೋಲ್ಡ್. ಅದು ಹೆಡ್‌ಗೆ ಕೂರುವ ಎರಡು ಕಡೆ ಒಂದೊಂದು ಸೀಲ್, ಕಾರ್ಬ್ ಒಳಗೆ ತೂರುವ ಕಡೆ ಮೂರನೆಯದು. ನಿಮ್ಮದು ಒಂದೇ ಸಿಲಿಂಡರ್ ಬೈಕ್ ಆಗಿದ್ದರೆ ಒಂದು ಅಥವಾ ಎರಡು ಸೀಲ್ ಇರಬಹುದು. ನಾಲ್ಕು ಸಿಲಿಂಡರ್ ಸಾಲಾಗಿದ್ದರೆ ನಾಲ್ಕು ರಬ್ಬರ್ ಕೊಳವೆ, ಒಂದೊಂದರ ಹಿಂದೆ ಒಂದೊಂದು ಓ-ರಿಂಗ್ (ಸೀಲ್ ಮಾಡುವ ರಬ್ಬರ್ ಉಂಗುರ) ಇರುತ್ತದೆ. ಲೆಕ್ಕ ಬೇರೆ, ಸೀಲ್‌ನ ಕೆಲಸ ಒಂದೇ. ಕಾರ್ಬ್ ದಾಟಿದ ಮೇಲೆ ಹೊರಗಿನ ಗಾಳಿ ಒಂದು ಚೂರೂ ಒಳಗೆ ನುಗ್ಗಬಾರದು.

ನನ್ನ ಬೈಕಿನಲ್ಲಿ ನುಗ್ಗುತ್ತಿತ್ತು. ಅದು ಗೊತ್ತಾಗಲು ಎಂಟು ತಿಂಗಳು ಬೇಕಾಯಿತು.

ಶುರುವಾಗಿದ್ದು ಐಡ್ಲಿಂಗ್‌ನಿಂದ, ಅಂದರೆ ರೇಸ್ ಕೊಡದೆ ಬಿಟ್ಟಾಗ ಎಂಜಿನ್ ನಿಧಾನವಾಗಿ ಓಡುವುದರಿಂದ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸರಿ ಇರುತ್ತಿತ್ತು, ಎಂಜಿನ್ ಬಿಸಿಯಾದ ಮೇಲೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ನಿಮಿಷಕ್ಕೆ 1,000 ಸುತ್ತಿನಲ್ಲಿ ಇರಬೇಕಾದ ಮುಳ್ಳು 1,400ಕ್ಕೆ ಏರುತ್ತಿತ್ತು, ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತಿತ್ತು, ಆಮೇಲೆ ಕುಸಿದು 800ಕ್ಕೆ ಬಂದು ಬೈಕೇ ನಿಂತುಹೋಗುತ್ತಿತ್ತು. ಸಿಗ್ನಲ್‌ನಲ್ಲಿ ಕೈ ತೆಗೆಯುವ ಹಾಗಿರಲಿಲ್ಲ. ಆಮೇಲೆ ರೇಸ್ ಬಿಟ್ಟಾಗ ಸೈಲೆನ್ಸರ್‌ನಲ್ಲಿ ಫಟ್ ಫಟ್ ಸದ್ದು. ಒಮ್ಮೊಮ್ಮೆ ಕಾರ್ಬಿನ ಬಾಯಿಂದಲೇ ಸೀನಿದ ಹಾಗೆ ಒಂದು ಸದ್ದು ಬರುತ್ತಿತ್ತು. ಪ್ಲಗ್ ಬಿಚ್ಚಿ ನೋಡಿದರೆ ಹಿಂದಿನ ಸಿಲಿಂಡರ್‌ದು ಬಿಳಿಚಿಕೊಂಡಿತ್ತು, ಮುಂದಿನದು ಕಂದು ಬಣ್ಣದಲ್ಲಿ ಸರಿಯಾಗೇ ಇತ್ತು. ಈ ವ್ಯತ್ಯಾಸ ನೋಡಿದಾಗಲೇ ನನಗೆ ಹೊಳೆಯಬೇಕಿತ್ತು. ಕಾರ್ಬ್ ಒಂದೇ ಅಲ್ವಾ? ತೊಂದರೆ ಕಾರ್ಬಿನದ್ದಾದರೆ ಎರಡೂ ಪ್ಲಗ್ ಬಿಳಿಚಿಕೊಳ್ಳಬೇಕು. ಒಂದೇ ಬಿಳಿಚಿಕೊಂಡಿದೆ ಅಂದರೆ ಕಾರ್ಬ್ ದಾಟಿದ ಮೇಲೆ, ಆ ಸಿಲಿಂಡರ್‌ಗೆ ಹೋಗುವ ದಾರಿಯಲ್ಲೇ ಏನೋ ಆಗಿದೆ.

ಆದರೆ ನಾನು ಗ್ಯಾರೇಜ್‌ಗೆ ಹೋದೆ. ಅಲ್ಲಿಯ ಮೆಕ್ಯಾನಿಕ್ ಎರಡು ನಿಮಿಷ ಸದ್ದು ಕೇಳಿ, "ಲೀನ್ ಓಡ್ತಿದೆ ಸಾರ್, ಪೈಲಟ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿದ್ರೆ ಸರಿ ಹೋಗುತ್ತೆ" ಅಂದರು. ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ, ಕಾರ್ಬ್ ಒಳಗಿನ ಸಣ್ಣ ತೂತಿನ ತಿರುಪು ಅದು. ಹಾಕಿದರು. ಒಂದು ವಾರ ಚೆನ್ನಾಗಿಯೂ ಇತ್ತು. ಆಮೇಲೆ ಐಡ್ಲಿಂಗ್ ಮತ್ತೆ ಮೊದಲಿನ ಹಾಗೇ ಆಯಿತು, ಜೊತೆಗೆ ಮೈಲೇಜ್ ಇಳಿಯಿತು, ಮುಂದಿನ ಪ್ಲಗ್ ಮಸಿ ಕಟ್ಟತೊಡಗಿತು. ಲೀನ್, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಅಂತ ಅವರು ಹೇಳಿದ್ದು ತಪ್ಪಲ್ಲ. ಪೆಟ್ರೋಲ್ ಕಡಿಮೆಯಾಗಿ ಲೀನ್ ಆಗಿರಲಿಲ್ಲ, ಗಾಳಿ ಜಾಸ್ತಿಯಾಗಿ ಆಗಿತ್ತು. ಈ ಎರಡಕ್ಕೂ ಮದ್ದು ಬೇರೆ ಬೇರೆ.

1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಕಾರ್ಬ್ ತನ್ನ ಮೂಲಕ ಹೋದ ಗಾಳಿಯನ್ನು ನೋಡಿಯೇ ಪೆಟ್ರೋಲ್ ಬಿಡುತ್ತದೆ. ತನ್ನನ್ನು ದಾಟಿದ ಮೇಲೆ ಕಳ್ಳದಾರಿಯಲ್ಲಿ ಬಂದ ಗಾಳಿ ಅದರ ಲೆಕ್ಕಕ್ಕೇ ಸಿಗುವುದಿಲ್ಲ. ಐಡ್ಲಿಂಗ್‌ನಲ್ಲಿ ಇದು ಜಾಸ್ತಿ ಕಾಣುವುದಕ್ಕೂ ಕಾರಣ ಇದೆ. ಆಗ ಥ್ರಾಟಲ್ (ರೇಸ್ ಕೊಟ್ಟಾಗ ತೆರೆಯುವ ಗಾಳಿಯ ಬಾಗಿಲು) ಮುಚ್ಚಿರುತ್ತದೆ, ಪಿಸ್ಟನ್ ಮಾತ್ರ ಎಳೆಯುತ್ತಲೇ ಇರುತ್ತದೆ. ಮ್ಯಾನಿಫೋಲ್ಡ್ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ತುಂಬ ಕಡಿಮೆಯಾಗಿ, ಕೂದಲೆಳೆಯಷ್ಟು ಸಂದು ಸಿಕ್ಕರೂ ಗಾಳಿ ಒಳಗೆ ನುಗ್ಗುತ್ತದೆ. ಪೂರ್ತಿ ರೇಸ್ ಕೊಟ್ಟಾಗ ಒಳಗೂ ಹೊರಗೂ ಒತ್ತಡ ಹತ್ತಿರ ಹತ್ತಿರ ಬರುತ್ತದೆ, ಆಗ ಅದೇ ಸಂದು ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಹೆದ್ದಾರಿಯಲ್ಲಿ ಬೈಕ್ ಚೆನ್ನಾಗಿ ಓಡುತ್ತದೆ, ಸಿಗ್ನಲ್‌ನಲ್ಲಿ ಸಾಯುತ್ತದೆ. ನಿಮ್ಮ ಬೈಕ್ ಹೀಗೆ ಮಾಡುತ್ತಿದ್ದರೆ ಜೆಟ್ ಮುಟ್ಟುವ ಮೊದಲು ಸೀಲ್ ನೋಡಿ.

ನೋಡುವುದು ಹೇಗೆ? ಸಾಮಾನ್ಯವಾಗಿ ಎಲ್ಲರೂ ಹೇಳುವುದು ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆಯಿರಿ ಅಂತ. ಅದು ಕೆಲಸ ಮಾಡುತ್ತದೆ, ನಿಜ. ಆದರೆ ಬಿಸಿ ಎಂಜಿನ್ ಮೇಲೆ, ಸ್ಪಾರ್ಕ್ ಹಾರುತ್ತಿರುವ ಜಾಗದ ಪಕ್ಕದಲ್ಲಿ, ಬೆಂಕಿ ಹತ್ತುವ ದ್ರವ ಚಿಮುಕಿಸುವುದು ನನಗೆ ಸರಿ ಕಾಣುವುದಿಲ್ಲ. ನಾನು ಬಳಸಿದ್ದು ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿ, ಒಳಗೆ ಬರೀ ನೀರು. ಎಂಜಿನ್ ಉಗುರು ಬೆಚ್ಚಗೆ ಆಗುವಷ್ಟು ಮಾತ್ರ ಓಡಿಸಿ, ಐಡ್ಲಿಂಗ್‌ನಲ್ಲಿ ಬಿಟ್ಟು, ಸೀಲ್ ಕೂರುವ ಜಾಗಕ್ಕೆ ಮಂಜಿನ ಹಾಗೆ ನೀರು ಹೊಡೆಯಬೇಕು. ಸಂದು ಇದ್ದರೆ ಆ ನೀರು ಒಂದು ಕ್ಷಣ ಅದನ್ನು ಮುಚ್ಚುತ್ತದೆ, ಎಂಜಿನ್ನಿನ ಸದ್ದು ಬದಲಾಗುತ್ತದೆ. ಏರ್ ಫಿಲ್ಟರ್ ಬಾಯಿಗೆ ಮಾತ್ರ ಬೀಳದ ಹಾಗೆ ನೋಡಿಕೊಳ್ಳಿ. ಅಲ್ಲಿಗೆ ಬಿದ್ದರೂ ಸದ್ದು ಬದಲಾಗುತ್ತದೆ, ಸುಮ್ನೆ ದಾರಿ ತಪ್ಪುತ್ತೀರಿ.

ತಂಗಿಯ ಕೈಗೆ ಬಾಟಲಿ ಕೊಟ್ಟು ನಾನು ಕಣ್ಣು ಮುಚ್ಚಿ ಕೂತೆ. ಎಲ್ಲಿ ಹೊಡೆಯುತ್ತಿದ್ದಾಳೆ ಅಂತ ನೋಡಿದರೆ ಅಲ್ಲಿ ಸದ್ದು ಬದಲಾದ ಹಾಗೆ ನಮ್ಮ ಕಿವಿಯೇ ಹೇಳಿಬಿಡುತ್ತದೆ, ಅದಕ್ಕೆ. ಮುಂದಿನ ಹೆಡ್, ಏನೂ ಇಲ್ಲ. ಕಾರ್ಬ್ ಕೂರುವ ಜಾಗ, ಏನೂ ಇಲ್ಲ. ಆಮೇಲೆ ಎಂಜಿನ್ ಇದ್ದಕ್ಕಿದ್ದ ಹಾಗೆ ಇಳಿಯಿತು. 1,400ರಲ್ಲಿ ಗುಯ್ ಅನ್ನುತ್ತಿದ್ದದ್ದು ಧಡ್ ಧಡ್ ಅಂತ ನಿಧಾನವಾಯಿತು. ಎರಡು ಸೆಕೆಂಡ್ ಅಷ್ಟೇ, ಮತ್ತೆ ಏರಿತು.

"ಅಣ್ಣಾ, ಹಿಂದಿನದು. ಕೆಳಗಡೆ ಹೊಡೆದೆ."

"ಇನ್ನೊಂದು ಸಲ ಹೊಡಿ."

ಮತ್ತೆ ಇಳಿಯಿತು. ಎಂಟು ತಿಂಗಳ ಪ್ರಶ್ನೆಗೆ ನೀರಿನ ಬಾಟಲಿಯಲ್ಲಿ ಉತ್ತರ ಸಿಕ್ಕಿತು. ಅವತ್ತೇ ಕಿಟ್ ಹುಡುಕಲು ಕೂತೆ.

ಕಿಟ್ ಆರಿಸುವಾಗ ನಾನು ನೋಡಿದ್ದು ಒಂದೇ, ಸೀಲ್ ಯಾವ ರಬ್ಬರಿನದು ಅಂತ. ಅಗ್ಗದ ಕಿಟ್‌ಗಳಲ್ಲಿ ನೈಟ್ರೈಲ್ ಇರುತ್ತದೆ. ಅದು ಕೆಟ್ಟದ್ದೇನಲ್ಲ, ಪೆಟ್ರೋಲ್ ಮತ್ತು ಆಯಿಲ್ ತಡೆಯುತ್ತದೆ, ಸುಮಾರು 100 ಡಿಗ್ರಿ ಸೆಲ್ಸಿಯಸ್ ತನಕ ನೆಮ್ಮದಿಯಾಗಿ ಇರುತ್ತದೆ. ಆದರೆ ಗಾಳಿಯಿಂದ ತಣಿಯುವ ಎಂಜಿನ್ನಿನ ಹೆಡ್‌ಗೆ ಅಂಟಿಕೊಂಡು ಕೂರುವ ಸೀಲ್ ಇದು. ಟ್ರಾಫಿಕ್‌ನಲ್ಲಿ ನಿಂತಾಗ ಅಲ್ಲಿಯ ಬಿಸಿ ಎಷ್ಟಿರುತ್ತದೆ ಅಂತ ಬೈಕ್ ಓಡಿಸುವವರ ಮೊಣಕಾಲಿಗೆ ಗೊತ್ತು. ವರ್ಷಗಟ್ಟಲೆ ಹೀಗೆ ಬೆಂದು ಬೆಂದು ನೈಟ್ರೈಲ್ ಗಟ್ಟಿಯಾಗುತ್ತದೆ, ಒತ್ತಿದ ಆಕಾರದಲ್ಲೇ ಉಳಿದುಬಿಡುತ್ತದೆ. ನಾನು ತಗೊಂಡದ್ದು ಫ್ಲೋರೋ ರಬ್ಬರಿನ ಕಿಟ್. ವೈಟನ್ ಅನ್ನುವ ಹೆಸರು ಕೇಳಿರುತ್ತೀರಿ, ಡ್ಯೂಪಾಂಟ್ ಕಂಪನಿ 1957ರಲ್ಲಿ ಮಾರುಕಟ್ಟೆಗೆ ತಂದದ್ದು, ಆ ಜಾತಿಯ ರಬ್ಬರ್ ಇದು. ಸುಮಾರು 200 ಡಿಗ್ರಿ ತಡೆಯುತ್ತದೆ, ಎಥನಾಲ್ ಬೆರೆಸಿದ ಪೆಟ್ರೋಲ್‌ಗೂ ಜಗ್ಗುವುದಿಲ್ಲ.

ಇದಕ್ಕೂ ಒಂದು ಮಿತಿ ಇದೆ, ಚಳಿ. ತುಂಬ ತಣ್ಣಗಾದರೆ ಫ್ಲೋರೋ ರಬ್ಬರ್ ಸೆಟೆದುಕೊಳ್ಳುತ್ತದೆ, ಒತ್ತಿ ಬಿಟ್ಟರೆ ಬೇಗ ಹಿಂದಿರುಗುವುದಿಲ್ಲ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಮೇಲೇರಿದ 73 ಸೆಕೆಂಡ್‌ಗೆ ಸಿಡಿದು ಏಳು ಜನ ತೀರಿಕೊಂಡರಲ್ಲ, ಅದರ ರಾಕೆಟ್ ಬೂಸ್ಟರ್‌ನ ಕೀಲಿನಲ್ಲಿದ್ದ ಓ-ರಿಂಗ್ ಇದೇ ಜಾತಿಯ ರಬ್ಬರಿನದು. ಆ ಬೆಳಿಗ್ಗೆಯ ಚಳಿಗೆ ಅದು ಸೆಟೆದುಕೊಂಡಿತ್ತು. ತನಿಖೆಯ ಸಮಿತಿಯಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಆ ರಬ್ಬರಿನ ಒಂದು ತುಂಡನ್ನು ಕ್ಲ್ಯಾಂಪಿನಲ್ಲಿ ಹಿಡಿದು ಐಸ್ ನೀರಿನ ಲೋಟದಲ್ಲಿ ಅದ್ದಿ, ಅದು ಪುಟಿಯುವುದಿಲ್ಲ ಅಂತ ಎಲ್ಲರೆದುರು ತೋರಿಸಿದರು. ಬೈಕ್‌ಗೆ ಆ ಗಂಡಾಂತರ ಇಲ್ಲ, ಎಂಜಿನ್ ಬಿಸಿಯಾದ ಕೂಡಲೇ ಸೀಲ್ ಮೆತ್ತಗಾಗುತ್ತದೆ. ಹಿಮ ಬೀಳುವ ಕಡೆ ಇರುವವರು ಮಾತ್ರ ಇದನ್ನು ನೆನಪಿಟ್ಟುಕೊಳ್ಳಿ. ಬೆಳಿಗ್ಗೆ ಮೊದಲ ಐದು ನಿಮಿಷ ಐಡ್ಲಿಂಗ್ ಏರುಪೇರಾದರೆ ಕಿಟ್ಟನ್ನು ಬೈಯಬೇಡಿ.

ಬಣ್ಣ ನೋಡಿ ರಬ್ಬರ್ ಗುರುತಿಸಲು ಹೋಗಬೇಡಿ. ಫ್ಲೋರೋ ರಬ್ಬರ್ ಕಂದು ಇರಬಹುದು, ಹಸಿರು ಇರಬಹುದು, ನನಗೆ ಬಂದದ್ದು ಕಪ್ಪು. ತೂಕ ಮಾತ್ರ ಸುಳ್ಳು ಹೇಳುವುದಿಲ್ಲ. ಒಂದೇ ಅಳತೆಯ ನೈಟ್ರೈಲ್ ಸೀಲ್‌ಗಿಂತ ಇದು ಸುಮಾರು ಒಂದೂವರೆ ಪಟ್ಟು ಭಾರ ಇರುತ್ತದೆ. ಕೈಯಲ್ಲಿ ಹಿಡಿದರೇ ಗೊತ್ತಾಗುತ್ತದೆ.

ಪೊಟ್ಟಣ ಒಡೆದ ಕೂಡಲೇ ಮಾಡಿದ ಕೆಲಸ ವರ್ನಿಯರ್ ಹಿಡಿದು ಅಳೆದದ್ದು. ಒಂದು ಸೀಲ್‌ನ ದಪ್ಪ ನಾಲ್ಕು ಕಡೆ ನೋಡಿದೆ. 5.80, 5.82, 5.80, 5.78 ಎಂಎಂ. ಇನ್ನೊಂದೂ ಹಾಗೇ. ಎರಕದ ಗೆರೆ ಉಗುರಿಗೂ ಸಿಗದಷ್ಟು ಸಣ್ಣದು. ಉಗುರಿನಿಂದ ಒತ್ತಿ ಬಿಟ್ಟರೆ ಗುರುತು ನಿಧಾನವಾಗಿ ಮಾಯವಾಗುತ್ತದೆ. ಇಲ್ಲಿ ಪೂರ್ತಿ ಅಂಕ ಕೊಡುತ್ತೇನೆ. ಕಡಿಮೆ ಬೆಲೆಯ ಕಿಟ್ ಒಂದನ್ನು ಹಿಂದೆ ಗೆಳೆಯನ ಬೈಕಿಗೆ ತರಿಸಿದ್ದೆವು, ಅದರಲ್ಲಿ ಎರಕದ ಗೆರೆ ಬ್ಲೇಡಿನ ಅಂಚಿನ ಹಾಗೆ ಎದ್ದು ನಿಂತಿತ್ತು. ಆ ಗೆರೆಯೇ ಗಾಳಿಗೆ ದಾರಿ.

ಈಗ ಬೋಲ್ಟ್ ವಿಷಯ. ನನ್ನ ಬೈಕಿನಿಂದ ಬಿಚ್ಚಿದ ನಾಲ್ಕೂ 6 ಎಂಎಂ ಬೋಲ್ಟ್, 25 ಎಂಎಂ ಉದ್ದ. ಕಿಟ್‌ನಲ್ಲಿ ಎರಡು 25, ಎರಡು 30. ಚೀಟಿಯಲ್ಲಿ ಯಾವುದು ಎಲ್ಲಿಗೆ ಅಂತ ಒಂದು ಮಾತೂ ಇಲ್ಲ. ಅನುಮಾನ ಬಂದು ವರ್ನಿಯರ್‌ನ ಹಿಂಬದಿಯ ಕಡ್ಡಿಯನ್ನು ಹೆಡ್‌ನ ತೂತಿಗೆ ಇಳಿಸಿ ನೋಡಿದೆ, 20 ಎಂಎಂ ಆಳ. ಮ್ಯಾನಿಫೋಲ್ಡನ್ನು ಹೆಡ್‌ಗೆ ಒತ್ತಿ ಹಿಡಿಯುವ, ಬೋಲ್ಟ್ ತೂರುವ ತಟ್ಟೆ ಇದೆಯಲ್ಲ, ಆ ಫ್ಲೇಂಜ್‌ನ ದಪ್ಪ 8. ಎರಡೂ ಸೇರಿ 28. ಅಂದರೆ 30ರ ಬೋಲ್ಟ್ ತೂತಿನ ತಳ ಮುಟ್ಟಿ ನಿಂತುಬಿಡುತ್ತದೆ, ಫ್ಲೇಂಜ್ ಇನ್ನೂ 2 ಎಂಎಂ ಸಡಿಲ ಇರುತ್ತದೆ. ಕೈಗೆ ಮಾತ್ರ ಚೆನ್ನಾಗಿ ಬಿಗಿಯಾಯಿತು ಅನ್ನಿಸುತ್ತದೆ! ಇನ್ನೂ ಬಿಗಿ ಮಾಡೋಣ ಅಂತ ತಿರುಗಿಸಿದರೆ ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಹೋಯಿತು ಅಂತಲೇ ಲೆಕ್ಕ. ಒಂದು ಹಳೆಯ ಸೀಲ್ ಬದಲಾಯಿಸಲು ಹೋಗಿ ಹೆಡ್ ಬಿಚ್ಚುವ ಕೆಲಸ ತಲೆಗೆ ಬರುತ್ತಿತ್ತು. ನಾನು ಹಳೆಯ ಬೋಲ್ಟ್‌ಗಳನ್ನೇ ಬ್ರಷ್ ಹಾಕಿ ತೊಳೆದು ಬಳಸಿದೆ. ಬಹುಶಃ ಒಂದೇ ಕಿಟ್ ಎರಡು ಮೂರು ಮಾಡೆಲ್‌ಗೆ ಆಗಲಿ ಅಂತ ಎರಡು ಉದ್ದ ಕೊಟ್ಟಿದ್ದಾರೆ. ಕೊಡಲಿ, ಅದನ್ನು ಚೀಟಿಯಲ್ಲಿ ಒಂದು ಸಾಲು ಬರೆಯಬೇಕಿತ್ತು. ನನಗೆ ಈ ಕಿಟ್ ಮೇಲೆ ನಿಜವಾದ ಸಿಟ್ಟು ಅಂದರೆ ಇದೊಂದೇ.

ಕೆಲಸಕ್ಕೆ ಬರೋಣ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಬಾಗಿಲು ಕಿಟಕಿ ತೆರೆದಿಡಿ, ಹತ್ತಿರದಲ್ಲಿ ಬೆಂಕಿ, ಹೀಟರ್ ಏನೂ ಬೇಡ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಪೆಟ್ರೋಲ್ ಬಂದ್ ಮಾಡಿ, ಟ್ಯಾಂಕ್ ಇಳಿಸಿ. ಏರ್ ಫಿಲ್ಟರ್ ಮತ್ತು ಅದರ ತಳದ ತಟ್ಟೆ ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಎರಡು ಫೋಟೋ ತೆಗೆದುಕೊಳ್ಳಿ, ರೇಸ್ ಕೇಬಲ್ ಎರಡಿದ್ದರೆ ಯಾವುದು ಮೇಲೆ ಯಾವುದು ಕೆಳಗೆ ಅಂತ ಆಮೇಲೆ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ. ಕಾರ್ಬ್ ಅನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಗಿಸುತ್ತಾ ಎಳೆದರೆ ರಬ್ಬರಿನಿಂದ ಕಿತ್ತು ಬರುತ್ತದೆ. ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ.

ಇಲ್ಲಿಯ ತನಕ ಅರ್ಧ ಗಂಟೆ. ಮುಂದಿನ ನಾಲ್ಕು ಬೋಲ್ಟ್‌ಗೆ ಒಂದು ಗಂಟೆ ಮೇಲೆ ಹಿಡಿಯಿತು. ಕಾರ್ಬ್ ಇದ್ದ ಬದಿಯ ಎರಡು ಬೋಲ್ಟ್ ಕಣ್ಣಿಗೆ ಕಾಣುತ್ತವೆ, ಕೈಗೂ ಸಿಗುತ್ತವೆ. ಆ ಕಡೆಯ ಎರಡು ಇವೆಯಲ್ಲ, ಅವು ಎರಡು ಸಿಲಿಂಡರ್‌ಗಳ ನಡುವಿನ ಇಕ್ಕಟ್ಟಿನಲ್ಲಿ ಕೂತಿವೆ. ಸಾಮಾನ್ಯ ಅಲೆನ್ ಕೀ ತೂರಿಸಿದರೆ ತಿರುಗಿಸಲು ಜಾಗ ಇಲ್ಲ. ಕಿಟ್ ಜೊತೆ ಬಂದ ಗಿಡ್ಡ ಕೀ ಇಲ್ಲಿ ಕೆಲಸಕ್ಕೆ ಬಂತು. ಅದರ ಒಂದು ಕಾಲು ತುಂಬ ಚಿಕ್ಕದು, ಇನ್ನೊಂದರ ತುದಿ ಗುಂಡಗೆ ಮಾಡಿದ್ದು, ಓರೆಯಾಗಿ ಹಿಡಿದರೂ ಕಚ್ಚಿಕೊಳ್ಳುತ್ತದೆ. ಬಿಗಿ ಬಿಡಿಸಲು ಚಿಕ್ಕ ಕಾಲು, ಸಡಿಲವಾದ ಮೇಲೆ ಬೇಗ ತಿರುಗಿಸಲು ಗುಂಡು ತುದಿ. ಉಲ್ಟಾ ಮಾಡಬೇಡಿ, ಗುಂಡು ತುದಿಯಲ್ಲಿ ಜೋರು ಹಾಕಿದರೆ ಬೋಲ್ಟಿನ ತಲೆ ಸವೆದು ಗುಂಡಗಾಗುತ್ತದೆ. ಈ ಕೀಯ ಉಕ್ಕು ಚೆನ್ನಾಗಿದೆ, ಇಷ್ಟೆಲ್ಲ ಮಾಡಿದರೂ ಅಂಚು ಮೊಂಡಾಗಿಲ್ಲ. ಹಿಂದಿನ ರಾತ್ರಿಯೇ ಬೋಲ್ಟ್‌ಗಳ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ, ಅದೂ ಸಹಾಯ ಆಯಿತು.

ಮ್ಯಾನಿಫೋಲ್ಡ್ ಹೊರಗೆ ಬಂದ ಕೂಡಲೇ ಎರಡೂ ಹೆಡ್‌ನ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿ. ಒಂದು ವಾಷರ್ ಒಳಗೆ ಜಾರಿದರೆ ಮುಂದಿನ ಕಥೆ ಹೇಳುವುದು ಬೇಡ.

ಹಳೆಯ ಸೀಲ್ ಕೈಗೆ ಬಂದಾಗ ಸ್ವಲ್ಪ ಹೊತ್ತು ನೋಡುತ್ತಾ ಕೂತೆ. ಹಿಂದಿನ ಹೆಡ್‌ದು. ಗುಂಡಗೆ ಇರಬೇಕಾದ ಅಂಚು ಒಂದು ಬದಿ ಪೂರ್ತಿ ಚಪ್ಪಟೆಯಾಗಿತ್ತು, ಅಡ್ಡ ಕೊಯ್ದು ನೋಡಿದರೆ ಅರ್ಧಚಂದ್ರದ ಹಾಗೆ. ದಪ್ಪ 5.1. ಬಗ್ಗಿಸಿದರೆ ಬಾಗಲಿಲ್ಲ, ಟಕ್ ಅಂತ ಮುರಿಯಿತು, ಗಾಜಿನ ಬಳೆ ಮುರಿದ ಹಾಗೆ. ಕೆಳಭಾಗದಲ್ಲಿ, ತಂಗಿ ನೀರು ಹೊಡೆದ ಜಾಗದಲ್ಲೇ, ಒಂದು ಬಿರುಕು ಒಳಗಿನಿಂದ ಹೊರತನಕ ಹೋಗಿತ್ತು. ಆ ಬಿರುಕಿನ ಅಂಚು ಮಸಿಯಿಲ್ಲದೆ ತೊಳೆದಿಟ್ಟ ಹಾಗೆ ಸ್ವಚ್ಛ ಇತ್ತು, ಅಲ್ಲಿಂದ ಗಾಳಿ ಓಡಾಡುತ್ತಿತ್ತಲ್ಲ. ಮುಂದಿನ ಸೀಲ್ 5.3 ಇತ್ತು, ಬಿರುಕಿಲ್ಲ, ಆದರೆ ಅದೂ ಗಟ್ಟಿ. ಒಂದೇ ಸೋರುತ್ತಿದ್ದರೂ ಮೂರನ್ನೂ ಬದಲಾಯಿಸಿ, ಇಷ್ಟು ಬಿಚ್ಚಿದ ಮೇಲೆ ಒಂದನ್ನು ಹಳೆಯದೇ ಬಿಡುವುದು ಬುದ್ಧಿವಂತಿಕೆ ಅಲ್ಲ.

ಹೆಡ್‌ನ ಮುಖಕ್ಕೆ ಹಳೆಯ ರಬ್ಬರ್ ಚೂರು ಅಂಟಿಕೊಂಡಿರುತ್ತದೆ. ಪ್ಲಾಸ್ಟಿಕ್ ಚೂರಿನಿಂದ ಕೆರೆಯಿರಿ, ಹಳೆಯ ಎಟಿಎಂ ಕಾರ್ಡ್ ಸಾಕು. ಕಬ್ಬಿಣದ ಬ್ಲೇಡ್ ಹಾಕಿದರೆ ಅಲ್ಯೂಮಿನಿಯಂ ಮೇಲೆ ಗೀರು ಬೀಳುತ್ತದೆ, ಗೀರು ಅಂದರೆ ಮತ್ತೆ ಸಂದು. ಆಮೇಲೆ ಬೆರಳು ಆಡಿಸಿ ನೋಡಿ. ಕಣ್ಣಿಗೆ ಕಾಣದ ಚೂರು ಬೆರಳಿಗೆ ಸಿಗುತ್ತದೆ. ಗ್ಯಾಸ್ಕೆಟ್ ಪೇಸ್ಟ್, ಸಿಲಿಕೋನ್ ಏನನ್ನೂ ಮೆತ್ತಬೇಡಿ. ಸಾಮಾನ್ಯ ಸಿಲಿಕೋನ್ ಪೆಟ್ರೋಲ್‌ನಲ್ಲಿ ಉಬ್ಬಿ ಕಿತ್ತುಬರುತ್ತದೆ, ಆ ಚೂರು ಎಂಜಿನ್ ಒಳಗೆ ಹೋಗುತ್ತದೆ. ಸೀಲ್‌ಗೆ ಬೆರಳ ತುದಿಯಲ್ಲಿ ಒಂದು ಹನಿ ಹೊಸ ಎಂಜಿನ್ ಆಯಿಲ್ ಸವರಿದರೆ ಸಾಕು.

ಜೋಡಿಸುವಾಗ ನಾನು ಮಾಡಿದ ತಪ್ಪು ಬರೆಯುತ್ತೇನೆ, ನಿಮಗೆ ಅದು ಆಗಬಾರದು. ಮೊದಲು ಫ್ಲೇಂಜ್, ಆಮೇಲೆ ಸೀಲ್, ಹೀಗೆ ಮ್ಯಾನಿಫೋಲ್ಡ್‌ನ ಎರಡೂ ತುದಿಗೆ ಏರಿಸಿ, ನಡುವಿನ ಸಂದಿಗೆ ತೂರಿಸಿದೆ. ಮುಂದಿನ ಫ್ಲೇಂಜ್ ಚೆನ್ನಾಗಿ ಕೂತಿತು ಅಂತ ಅದರ ಎರಡೂ ಬೋಲ್ಟ್ ಪೂರ್ತಿ ಬಿಗಿ ಮಾಡಿದೆ. ಆಮೇಲೆ ಹಿಂದಿನದಕ್ಕೆ ಹೋದೆ. ಆಗ ಮ್ಯಾನಿಫೋಲ್ಡ್ ಒಂದು ಕೂದಲಷ್ಟು ಮುಂದಕ್ಕೆ ಎಳೆದುಕೊಂಡು ನಿಂತಿತ್ತು. ಹಿಂದಿನ ಫ್ಲೇಂಜ್ ಓರೆಯಾಗಿ ಬಿಗಿಯಾಯಿತು, ಸೀಲ್‌ನ ಅಂಚು ಕೆಳಗೆ ಸಿಕ್ಕಿ ಹಿಸುಕಿತು. ಹೊರಗಿನಿಂದ ಏನೂ ಕಾಣಲಿಲ್ಲ. ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದರೆ ಐಡ್ಲಿಂಗ್ 1,300! ನೀರಿನ ಬಾಟಲಿ ತಂದು ಹೊಡೆದರೆ ಅದೇ ಜಾಗದಲ್ಲಿ ಇಳಿಯಿತು. ಅವತ್ತು ಸಂಜೆ ಊಟ ಸೇರಲಿಲ್ಲ.

ಮಾರನೆಯ ವಾರ ಮತ್ತೆ ಬಿಚ್ಚಿದೆ. ಸೀಲ್ ಅಂಚಿನಲ್ಲಿ ಮಡಿಕೆಯ ಗುರುತು ಇತ್ತು, ಆದರೆ ಹರಿದಿರಲಿಲ್ಲ. ರಾತ್ರಿ ಮೇಜಿನ ಮೇಲೆ ಇಟ್ಟೆ, ಬೆಳಿಗ್ಗೆ ಅಳೆದರೆ ಮತ್ತೆ 5.8ಕ್ಕೆ ಬಂದಿತ್ತು, ಮಡಿಕೆಯೂ ಹೋಗಿತ್ತು. ಈ ರಬ್ಬರಿನ ಗುಣ ನನಗೆ ಪೂರ್ತಿ ಅರ್ಥವಾದದ್ದು ಆಗ. ಒಂದು ವಾರ ತಪ್ಪಾಗಿ ಹಿಸುಕಿಟ್ಟಿದ್ದರೂ ತನ್ನ ಆಕಾರ ಮರೆಯಲಿಲ್ಲ. ಸಣ್ಣ ಗಾಯ ಕಂಡಿದ್ದರೂ ಹೊಸದೇ ಹಾಕುತ್ತಿದ್ದೆ, ಲೆನ್ಸ್ ಹಿಡಿದು ಸುತ್ತ ನೋಡಿ ಏನೂ ಇಲ್ಲ ಅಂತ ಖಾತ್ರಿಯಾದ ಮೇಲೆ ಅದನ್ನೇ ಹಾಕಿದೆ.

ಎರಡನೇ ಸಲ ಮಾಡಿದ ರೀತಿ ಇದು. ನಾಲ್ಕೂ ಬೋಲ್ಟ್ ಬರೀ ಬೆರಳಲ್ಲಿ ತಿರುಗಿಸಿ ಬಿಟ್ಟೆ, ಮ್ಯಾನಿಫೋಲ್ಡ್ ಇನ್ನೂ ಅಲುಗಾಡುವ ಹಾಗೆ. ಕಾರ್ಬ್ ತೂರಿಸಿ, ಏರ್ ಫಿಲ್ಟರ್ ತಟ್ಟೆಯನ್ನು ಅದರ ಬೋಲ್ಟ್‌ಗಳಿಗೆ ಕೂರಿಸಿದೆ. ಮ್ಯಾನಿಫೋಲ್ಡ್ ತಾನಾಗೇ ತನ್ನ ಜಾಗ ಹಿಡಿಯಿತು. ಆಮೇಲೆ ಕಾರ್ಬ್ ಅಲುಗಾಡಿಸದೆ ತೆಗೆದು, ಮುಂದಿನದು ಅರ್ಧ ಸುತ್ತು, ಹಿಂದಿನದು ಅರ್ಧ ಸುತ್ತು, ಒಳಬದಿ ಅರ್ಧ, ಹೊರಬದಿ ಅರ್ಧ, ಹೀಗೆ ನಾಲ್ಕನ್ನೂ ಸರದಿಯಲ್ಲಿ ಬಿಗಿ ಮಾಡಿದೆ. ಚೀಟಿಯಲ್ಲಿ ಎಷ್ಟು ಬಿಗಿ ಅನ್ನುವುದೂ ಇಲ್ಲ. ನನ್ನ ಬೈಕಿನ ಸರ್ವಿಸ್ ಪುಸ್ತಕದಲ್ಲಿ 10 ನ್ಯೂಟನ್ ಮೀಟರ್ ಅಂತ ಇದೆ, ನಿಮ್ಮದಕ್ಕೆ ನಿಮ್ಮ ಪುಸ್ತಕ ನೋಡಿ. 10 ಅಂದರೆ ಒಂದು ಮೀಟರ್ ಉದ್ದದ ಪಾನಾದ ತುದಿಗೆ 1 ಕಿಲೋ ತೂಗುಹಾಕಿದಷ್ಟು, ತುಂಬ ಕಡಿಮೆ. ಒಳಬದಿಯ ಬೋಲ್ಟ್‌ಗಳಿಗೆ, ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ರೆಂಚ್ ಹೋಗುವುದೇ ಇಲ್ಲ. ಅದಕ್ಕೆ ಹೊರಬದಿಯ ಬೋಲ್ಟನ್ನು ಟಾರ್ಕ್ ರೆಂಚ್‌ನಲ್ಲಿ 10ಕ್ಕೆ ಬಿಗಿ ಮಾಡಿ, ಅದೇ ಬೋಲ್ಟಿಗೆ ಗಿಡ್ಡ ಕೀ ಹಾಕಿ ಮೆಲ್ಲಗೆ ಒತ್ತಿ, ಕೈಗೆ ಎಷ್ಟು ಗಟ್ಟಿ ಅನ್ನಿಸುತ್ತದೆ ಅಂತ ನೆನಪಿಟ್ಟುಕೊಂಡು, ಒಳಬದಿಯದನ್ನು ಅಷ್ಟೇ ಗಟ್ಟಿ ಮಾಡಿದೆ.

ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ನಿಂತುಹೋಯಿತು. ಹೆದರಬೇಡಿ, ಇದು ಒಳ್ಳೆಯ ಸೂಚನೆ. ಇಷ್ಟು ದಿನ ಕಳ್ಳಗಾಳಿಗೆ ಹೊಂದಿಸಿಟ್ಟಿದ್ದ ಐಡ್ಲಿಂಗ್ ಸ್ಕ್ರೂ ಅದು, ಗಾಳಿ ನಿಂತ ಮೇಲೆ ಕಡಿಮೆ ಬಿತ್ತು. ಸ್ಕ್ರೂ ಒಂದು ಸುತ್ತು ಏರಿಸಿದೆ, 1,000ಕ್ಕೆ ಬಂದು ನಿಂತಿತು. ಹತ್ತು ನಿಮಿಷ ಬಿಟ್ಟೆ. ಮುಳ್ಳು ಅಲ್ಲೇ ಇತ್ತು. ತಂಗಿ ಬಾಟಲಿ ತಂದು ಮೂರೂ ಕಡೆ ಹೊಡೆದಳು, ಸದ್ದು ಬದಲಾಗಲಿಲ್ಲ. ಆಮೇಲೆ ಹಳೆಯ ಪೈಲಟ್ ಜೆಟ್ ಮತ್ತೆ ಹಾಕಿ, ಮಿಕ್ಸ್ಚರ್ ಸ್ಕ್ರೂ ಪುಸ್ತಕದಲ್ಲಿ ಹೇಳಿದ ಜಾಗಕ್ಕೆ ತಂದೆ. ಸೈಲೆನ್ಸರ್‌ನ ಫಟ್ ಫಟ್ ನಿಂತಿದೆ.

ಈಗ ಐದು ತಿಂಗಳಾಯಿತು. ಹಿಂದಿನ ಪ್ಲಗ್ ಮುಂದಿನದರ ಹಾಗೇ ಕಂದು ಬಣ್ಣಕ್ಕೆ ಬಂದಿದೆ, ಮೈಲೇಜ್ ಮೊದಲಿನ ಮಟ್ಟಕ್ಕೆ ತಿರುಗಿ ಬಂದಿದೆ. ಎರಡು ವಾರ ಓಡಿಸಿದ ಮೇಲೆ ತಣ್ಣಗಿದ್ದಾಗ ನಾಲ್ಕೂ ಬೋಲ್ಟ್ ಮತ್ತೊಮ್ಮೆ ನೋಡಿದೆ, ಯಾವುದೂ ಸಡಿಲ ಆಗಿರಲಿಲ್ಲ. ಏರ್ ಫಿಲ್ಟರ್ ಗ್ಯಾಸ್ಕೆಟ್ ಮಾತ್ರ ತೆಳು ಕಾಗದದ್ದು, ಬಿಚ್ಚಿ ಹಾಕುವಾಗಲೇ ಒಂದು ಮೂಲೆ ಹರಿಯಿತು. ಅದು ಕಾರ್ಬಿನ ಈಚೆ ಬದಿಯಲ್ಲಿರುವುದರಿಂದ ಐಡ್ಲಿಂಗ್ ಕೆಡುವುದಿಲ್ಲ, ಆದರೆ ಧೂಳು ಒಳಗೆ ಹೋಗುತ್ತದೆ, ಬೇರೆ ದಪ್ಪನೆಯದು ತಂದು ಹಾಕಿದೆ.

ಓ-ರಿಂಗ್ ಅನ್ನುವುದಕ್ಕೆ ಪೇಟೆಂಟ್ ಪಡೆದವರು ನೀಲ್ಸ್ ಕ್ರಿಸ್ಟೆನ್ಸನ್, ಡೆನ್ಮಾರ್ಕ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಅರ್ಜಿ ಹಾಕಿದ್ದು 1937ರಲ್ಲಿ, ಪೇಟೆಂಟ್ ಸಿಕ್ಕಿದ್ದು 1939ರಲ್ಲಿ, ಆಗ ಅವರಿಗೆ ಎಪ್ಪತ್ತು ದಾಟಿತ್ತು. ಒಂದು ಗಾಡಿಯಲ್ಲಿ ಒಂದು ರಬ್ಬರ್ ಉಂಗುರ, ಅದೂ ಸರಿಯಾಗಿ ಒತ್ತಿಕೊಂಡು ಕೂತರೆ ಎಷ್ಟು ಕೆಲಸ ಮಾಡುತ್ತದೆ ಅಂತ ನೋಡಿದ ಮೇಲೆ ಅವರ ಬಗ್ಗೆ ನನಗೆ ಗೌರವ ಜಾಸ್ತಿಯಾಯಿತು.

ಈ ಕಿಟ್ ಯಾರಿಗೆ ಬೇಡ ಅಂತಲೂ ಹೇಳಬೇಕು. ನಿಮ್ಮ ಮ್ಯಾನಿಫೋಲ್ಡ್‌ನ ಮುಖವೇ ಸೊಟ್ಟಗಾಗಿದ್ದರೆ, ಅಥವಾ ಹೆಡ್‌ನ ಥ್ರೆಡ್ ಮೊದಲೇ ಹೋಗಿದ್ದರೆ, ಎಂತಹ ಸೀಲ್ ಹಾಕಿದರೂ ಸೋರುತ್ತದೆ. ಮೊದಲು ಅದನ್ನು ಲೇತ್ ಕೆಲಸದವರಿಗೆ ತೋರಿಸಿ. ನಾಲ್ಕು ಸಿಲಿಂಡರ್‌ನವರು ರಬ್ಬರ್ ಕೊಳವೆಗಳನ್ನು ಬಗ್ಗಿಸಿ ನೋಡಿ, ಬಿರುಕು ಬಿಟ್ಟಿದ್ದರೆ ಬರೀ ಓ-ರಿಂಗ್ ಕಿಟ್ ಸಾಲದು, ಕೊಳವೆಯೇ ಬೇಕು. ಫ್ಯುಯೆಲ್ ಇಂಜೆಕ್ಷನ್ ಬೈಕಿನಲ್ಲೂ ಇದೇ ಸೀಲ್, ಇದೇ ಸೋರಿಕೆ ಆಗುತ್ತದೆ, ಬಿಚ್ಚುವ ಕ್ರಮ ಮಾತ್ರ ಬೇರೆ.

ಅಂಕ ಕೊಡುವುದಾದರೆ ಸೀಲ್‌ಗೆ ಹತ್ತಕ್ಕೆ ಹತ್ತು, ಅಲೆನ್ ಕೀಗೆ ಒಂಬತ್ತು, ಬೋಲ್ಟ್‌ಗೆ ಮೂರು, ಚೀಟಿಗೆ ಒಂದು. ಇನ್ನೊಂದು ಕಿಟ್ ಆಗಲೇ ತರಿಸಿಟ್ಟಿದ್ದೇನೆ, ಗೆಳೆಯನ ಬೈಕಿಗೆ. ಅವನದರ ತೂತಿನ ಆಳ ಬರುವ ಭಾನುವಾರ ಅಳೆಯಬೇಕು.